ಕೊನೆಯ ಅಂಕಣ

ಪೊಸೆಸಿಯೋನ್ ಕೊಲ್ಲಿಯಲ್ಲಿ ರಾತ್ರಿ ಎರಡೂ ಹತ್ತು.
ಪುಟ್ಟ ದೋಣಿ ಏಳುತ್ತದೆ, ಬೀಳುತ್ತದೆ.
ಎದುರಿಗೆ ತುಕ್ಕುಹಿಡಿದ ಗೋಡೆ, ಅದರ ನೆತ್ತಿಯಿಂದ
ಇಳಿಬಿಟ್ಟ ಹಗ್ಗದ ಏಣಿ.
ಅಲೆ ತುದಿಗೇರಿದ ಕ್ಷಣವೇ ಹಿಡಿಯಬೇಕು,
ಮುಂಚೆಯೂ ಅಲ್ಲ, ಆಮೇಲೂ ಅಲ್ಲ.
ಕಚೇರಿ ಕೊಟ್ಟ ಕೈಗವಸು ಗಂಡಸರ ಅಳತೆಯದು,
ಬೆರಳ ತುದಿಗಳು ಖಾಲಿ.
ಒಂಬತ್ತು ಮೀಟರುದ್ದಕ್ಕೂ ಆ ಖಾಲಿ ತುದಿಗಳೇ
ನನಗಿಂತ ಮೊದಲು ಮೆಟ್ಟಿಲು ಮುಟ್ಟುತ್ತವೆ.
ಎರವಲು ಒಡವೆ ತೊಟ್ಟು ಮದುವೆಗೆ ಹೊರಟವಳ
ಎದೆಬಡಿತ ನನಗೆ.

ಮೇಲೆ ಕ್ಯಾಪ್ಟನ್. ಕೈಕುಲುಕುವ ಮುನ್ನ
ನನ್ನ ಭುಜದಾಚೆ ಇಣುಕುತ್ತಾನೆ:
ಪೈಲಟ್ ಎಲ್ಲಿ, ಇನ್ನೂ ಹತ್ತುತ್ತಿದ್ದಾನೆಯೇ?
ನಾನೇ, ಅನ್ನುತ್ತೇನೆ. ಯಾಸ್ನಾ ಕುಸಾನೊವಿಚ್.
ಅಂದಮೇಲೆ ನಾನೂ ಒಮ್ಮೆ ತಿರುಗಿ ನೋಡುತ್ತೇನೆ,
ನಿಜವಾದವನು ಬಂದೇಬಿಟ್ಟನೇನೋ ಎಂದು.

ನಮ್ಮ ಮಾತಿನಲ್ಲಿ ಈ ಕೆಲಸದವನ ಹೆಸರು ಪ್ರಾಕ್ತಿಕೋ. ಪುಲ್ಲಿಂಗ.
ರೇಡಿಯೋದವನು ಒಮ್ಮೆ ಅದನ್ನು ಆಕಾರಾಂತ ಮಾಡಹೋಗಿ
ಕೆಮ್ಮಿ, ಬಿಟ್ಟ.

ನನ್ನದೊಂದು ನೋಟುಬುಕ್ಕಿದೆ.
ದಿನಾಂಕ, ಹಡಗು, ಗಾಳಿ, ಸೆಳೆತ.
ಕೊನೆಯ ಅಂಕಣಕ್ಕೆ ತಲೆಬರಹವಿಲ್ಲ, ಅಲ್ಲಿ ಒಂದೇ ಮಾತು:
ಇವತ್ತೂ ಸಿಕ್ಕಿಬೀಳಲಿಲ್ಲ.
ಇನ್ನೂರ ಹನ್ನೊಂದು ಸಲ.
ಪರೀಕ್ಷೆಯಲ್ಲಿ ಮೊದಲಿಗಳಾದೆ; ಪ್ರಶ್ನೆಪತ್ರಿಕೆ ಸುಲಭವಿತ್ತು.
ಮಂಜಿನಲ್ಲಿ ಟ್ಯಾಂಕರು ತಿರುಗಿಸಿದೆ; ಟ್ಯಾಂಕರು ಒಳ್ಳೆಯದಿತ್ತು.
ಏನೂ ಆಗದ ದಿನಗಳಿಗೆಲ್ಲ ಅದೃಷ್ಟದ ಹೆಸರು,
ಕಟ್ಟೆಗೆ ಉಜ್ಜಿ ಕಿತ್ತ ಗೇಣಗಲ ಬಣ್ಣಕ್ಕೆ ಮಾತ್ರ
ನನ್ನದು.

ಪುಂತಾ ಅರೇನಸ್‌ನಲ್ಲಿ ಗಾಳಿಗೆ ಹುಚ್ಚು ಹಿಡಿದ ದಿನ
ಬೀದಿಮೂಲೆಗೆ ಹಗ್ಗ ಕಟ್ಟುತ್ತಾರೆ.
ನೋಟರಿ, ಪಾದ್ರಿ, ಉಣ್ಣೆ ವ್ಯಾಪಾರಿ
ಎಲ್ಲರೂ ಅದನ್ನೇ ಹಿಡಿದು ಬ್ಯಾಂಕಿಗೆ ಹೋಗುತ್ತಾರೆ.
ಹಗ್ಗ ಹಿಡಿದೆನಲ್ಲ, ನನ್ನ ನಡಿಗೆಯೇ ಸುಳ್ಳು
ಎಂದು ಯಾರೂ ಮನೆಗೆ ಹೋಗಿ ಅಳುವುದಿಲ್ಲ.
ಇದು ನನಗೆ ಚಿಕ್ಕಂದಿನಿಂದ ಗೊತ್ತು.
ಗೊತ್ತಿದ್ದೂ ಉಪಯೋಗಕ್ಕೆ ಬಂದಿರಲಿಲ್ಲ.

ಮೊದಲ ಇಕ್ಕಟ್ಟು. ಸೆಳೆತ ಏಳು ನಾಟು, ಬೆನ್ನ ಹಿಂದಿನಿಂದ.
ಬಲಕ್ಕೆ ಹತ್ತು, ಅಂದೆ.
ಐದು ಸಾಕು, ಅಂದ ಕ್ಯಾಪ್ಟನ್.
ಚುಕ್ಕಾಣಿ ಹಿಡಿದ ಸೆಬುವಿನ ಹುಡುಗ
ಇಬ್ಬರ ನಡುವೆ ಎಂಜಲು ನುಂಗಿದ.
ಇಂಥಲ್ಲಿ ನನ್ನ ನಾಲಿಗೆ
"ಕ್ಷಮಿಸಿ" ಎಂದೇ ಶುರುಮಾಡುವುದು ವಾಡಿಕೆ.
ಆದರೆ ಎಡದಂಡೆಯ ದೀಪ
ಇರಬೇಕಾದ ಜಾಗದಿಂದ ಹೆಬ್ಬೆರಳಷ್ಟು ಸರಿದಿತ್ತು.
ಅದನ್ನು ನೋಡುವುದರಲ್ಲೇ ನಾನು ಪೂರ್ತಿ ಖರ್ಚಾಗಿದ್ದೆ,
ಸಂಶಯಪಡಲು ಒಳಗೆ ಯಾರೂ ಉಳಿದಿರಲಿಲ್ಲ.
ಬಲಕ್ಕೆ ಹತ್ತು. ಈಗ.
ಹುಡುಗ ಮರುನುಡಿದ. ಚಕ್ರ ತಿರುಗಿತು.
ಮೂವತ್ತು ಸಾವಿರ ಟನ್ ಗೋಧಿ
ಆಗಲೋ ಬೇಡವೋ ಎಂದು ಯೋಚಿಸಿತು.
ಎಷ್ಟೋ ಹೊತ್ತು ಏನೂ ಆಗಲಿಲ್ಲ, ಹಡಗುಗಳೇ ಹಾಗೆ,
ಆಮೇಲೆ ಮೂತಿ ಮೆಲ್ಲಗೆ ಹೊರಳಿತು,
ದೀಪ ತನ್ನ ಮನೆಗೆ ಬಂತು.

ಕ್ಯಾಪ್ಟನ್ ಏನೂ ಹೇಳಲಿಲ್ಲ.
ಕಾಫಿ ತರಿಸಿದ. ಸೀದ ವಾಸನೆ.
ಅರ್ಧಕ್ಕೆ ಬಿಟ್ಟೆ.

ಬೆಳಗ್ಗೆ ಅಮ್ಮ ಕೈಗವಸನ್ನು ಒಲೆಯ ಮಗ್ಗುಲಿಗೆ ಹರವಿ
ಮೂರು ವರ್ಷದಿಂದ ಕೇಳುವುದನ್ನೇ ಕೇಳಿದಳು:
ತುದಿ ಮಡಚಿ ಹೊಲಿದುಕೊಡಲೇನೇ?
ಬೇಡಮ್ಮಾ, ಕಚೇರಿಗೆ ಚೀಟಿ ಬರೆಯುತ್ತೇನೆ.
ಹಾಳೆ ಹರಿಯಲು ನೋಟುಬುಕ್ಕು ತೆರೆದೆ.
ದಿನಾಂಕವಿತ್ತು, ಹಡಗಿತ್ತು,
ಗಾಳಿ ನೈಋತ್ಯ, ಸೆಳೆತ ಏಳು.
ಕೊನೆಯ ಅಂಕಣ ಖಾಲಿ.
ಬೇಕೆಂದು ಬಿಟ್ಟದ್ದಲ್ಲ. ಮರೆತಿದ್ದೆ.

ಪೆನ್ನು ಕೈಯಲ್ಲೇ ಇತ್ತು.
ಚೀಟಿಯಲ್ಲಿ ಬರೆದೆ: ಕೈಗವಸು, ಏಳನೇ ಅಳತೆ,
ಎರಡು ಜೊತೆ.